ಹಳದಿ ಗೆರೆ

"ಅಯ್ಯೋ, ನಿಲ್ಸಿ ನಿಲ್ಸಿ! ಏನ್ ಮಾಡ್ತಿದೀರಿ ನೀವು?"

ಗಿಣಿ ಕೈಯಲ್ಲಿದ್ದ ಕಟ್ಟರ್ ಆಫ್ ಮಾಡಿ ಕಾರಿನೊಳಗಿಂದ ತಲೆ ಹೊರಗೆ ಹಾಕಿದಳು. ಗ್ಯಾರೇಜಿನ ಬಾಗಿಲಲ್ಲಿ ಬಸ್ ಡ್ರೈವರನ ಸಮವಸ್ತ್ರದಲ್ಲಿ ಒಬ್ಬ ನಿಂತಿದ್ದ. ನೆಲದ ಮೇಲೆ ಬಿದ್ದಿದ್ದ ಹಿಂದಿನ ಸೀಟು, ಕಿತ್ತು ಹಾಕಿದ ನೆಲಹಾಸು, ಬಾಗಿಲುಗಳ ಒಳಹೊದಿಕೆ... ಒಂದೊಂದನ್ನೂ ನೋಡಿ ಅವನ ಮುಖ ಸಪ್ಪಗಾಗುತ್ತಿತ್ತು. ಮನೆಗೆ ಕಳ್ಳರು ನುಗ್ಗಿದವರ ಮುಖ ಹಾಗಿರುತ್ತದೆ.

"ಈ ಕಾರು ನಿಮ್ದಾ?"

"ಹೌದು. ನಿನ್ನೆ ತಾನೇ ಸೀಟೆಲ್ಲ ಉಜ್ಜಿ ಉಜ್ಜಿ ತೊಳೆದಿದ್ದೆ."

"ರೇಸಿಗೆ ರೆಡಿ ಮಾಡಿಕೊಡಿ ಅಂತ ನಮ್ಮಪ್ಪನ ಹತ್ರ ಹೇಳಿದ್ದು ಯಾರು?"

"ನಾನೇ..."

"ಮತ್ತೆ? ರೇಸಲ್ಲಿ ಹಿಂದಿನ ಸೀಟಲ್ಲಿ ಯಾರನ್ನ ಕೂರಿಸ್ತೀರಿ? ನಿಮ್ಮತ್ತೆನಾ?"

ಅವನು ಒಂದು ಕ್ಷಣ ಯೋಚಿಸಿ, ಗಂಭೀರವಾಗಿಯೇ ಹೇಳಿದ. "ಅತ್ತೆ ಇನ್ನೂ ಸಿಕ್ಕಿಲ್ಲ. ಹುಡುಕಬೇಕು."

ಗಿಣಿಗೆ ನಗು ಬಂತು. ಅದನ್ನು ತೋರಿಸಬಾರದೆಂದು ಮತ್ತೆ ಕಟ್ಟರ್ ಆನ್ ಮಾಡಿದಳು. 'ಸೀಟಿಗೆ ಅಳೋನು ರೇಸ್ ಓಡಿಸ್ತಾನಂತೆ... ನೋಡೋಣ!'

ಗಿಣಿ ಎಂಬುದು ಅವಳ ಹೆಸರಲ್ಲ. ಬಾಯಿಗೆ ಬಿಡುವೇ ಕೊಡದೆ ಮಾತಾಡುತ್ತಾಳೆಂದು ಅಪ್ಪ ಚಿಕ್ಕಂದಿನಲ್ಲಿ ಇಟ್ಟ ಅಡ್ಡಹೆಸರು, ಹಾಗೇ ಅಂಟಿಕೊಂಡಿತ್ತು. ಅಪ್ಪನ ಗ್ಯಾರೇಜಿನಲ್ಲಿ ವೆಲ್ಡಿಂಗ್ ಎಲ್ಲ ಅವಳದೇ. ಕಾರು ತಂದ ಆ ಡ್ರೈವರನಿಗೂ ಒಂದು ಅಡ್ಡಹೆಸರಿತ್ತು, ನಿಧಾನಿ. ಬಸ್ಸಿನಲ್ಲಿ ನಿಂತ ಅಜ್ಜಿಯರು ಕೂರುವ ತನಕ ಗೇರ್ ಹಾಕದವನಿಗೆ ಅವನ ಕಂಡಕ್ಟರಕ್ಕ ಇಟ್ಟದ್ದು. ವಾರವಿಡೀ ಹಾಗೆ ಓಡಿಸುವವನಿಗೆ ಒಂದೇ ಒಂದು ದಿನ, ಹವ್ಯಾಸಿಗಳ ರೇಸಿನಲ್ಲಿ, ಕಾಲಿನ ಕೆಳಗಿರುವ ಪೆಡಲನ್ನು ಪೂರ್ತಿ ಒತ್ತಿ ನೋಡಬೇಕೆಂಬ ಆಸೆ. ಅದಕ್ಕೇ ಈ ಹಳೆಯ ಕಾರನ್ನು ಕೊಂಡಿದ್ದ.

ಡ್ಯೂಟಿ ಮುಗಿದ ಕೂಡಲೇ ಅವನು ಗ್ಯಾರೇಜಿಗೆ ಬರುತ್ತಿದ್ದ. ಮೊದಮೊದಲು ಕೈಗೆ ಸ್ಪಾನರ್ ಕೊಟ್ಟರೆ ತಟ್ಟೆಯ ಹಾಗೆ ಹಿಡಿಯುತ್ತಿದ್ದವನು, ಬರಬರುತ್ತಾ ಇಂಜಿನ್ ಇಳಿಸುವುದರಲ್ಲೂ ಕೈ ಜೋಡಿಸಿದ. ತುಕ್ಕು ಕೆರೆದ. ಕಾರು ಮಗುಚಿದರೂ ಒಳಗಿರುವವನು ಜಜ್ಜಿಹೋಗಬಾರದೆಂದು ಒಳಗೆ ಕಬ್ಬಿಣದ ಕೊಳವೆಗಳ ಪಂಜರ ಕೂರಿಸಬೇಕು. ಅದನ್ನು ಗಿಣಿ ವೆಲ್ಡ್ ಮಾಡುವಾಗ ಅವನು ಕೊಳವೆ ಹಿಡಿದುಕೊಂಡು ಹೇಳಿದ್ದ.

"ಗಿಣಿ ತಾನೇ ಪಂಜರ ಕಟ್ಟೋದನ್ನ ಇಲ್ಲೇ ನೋಡಿದ್ದು."

"ಇದು ನನಗಲ್ಲ, ನಿಮಗೆ. ಒಳಗೆ ಹಾಕಿ ಬೀಗ ಹಾಕ್ತೀನಿ, ಹುಷಾರು."

"ಹಾಕಿ. ಬೇಡ ಅಂದವರು ಯಾರು?"

ಆ ದಿನ ಅವಳ ವೆಲ್ಡಿಂಗ್ ಒಂದು ಕಡೆ ಸೊಟ್ಟಗಾಯಿತು. ಯಾಕೆ ಅಂತ ಅಪ್ಪ ಕೇಳಿದ್ದಕ್ಕೆ, ಕಣ್ಣಿಗೆ ಹೊಗೆ ಬಂತು ಅಂದಳು. ಪಾಪ ಹೊಗೆ!

ಆ ಗ್ಯಾರೇಜಿನಲ್ಲಿ ಅಪ್ಪನದೊಂದು ಕಟ್ಟುನಿಟ್ಟು. ಬ್ರೇಕಿನ ಬೋಲ್ಟನ್ನು ಒಬ್ಬರನ್ನೇ ನಂಬಿ ಬಿಡುವ ಹಾಗಿಲ್ಲ. ಬಿಗಿ ಮಾಡಿದವರು ಬೋಲ್ಟಿನ ತಲೆಯಿಂದ ಪಕ್ಕದ ಲೋಹದವರೆಗೆ ಬಿಳಿ ಬಣ್ಣದಲ್ಲಿ ಒಂದು ಗೆರೆ ಎಳೆಯಬೇಕು. ಇನ್ನೊಬ್ಬರು ಬಂದು, ತಾವೂ ಸ್ಪಾನರ್ ಹಾಕಿ, ಬೋಲ್ಟ್ ಸಾಕಷ್ಟು ಬಿಗಿಯಿದ್ದರೆ ಅದು 'ಟಕ್' ಅನ್ನುವುದನ್ನು ಕೇಳಿ, ಆಮೇಲೆ ಹಳದಿ ಗೆರೆ ಎಳೆಯಬೇಕು. ಹಳದಿ ಗೆರೆ ಬಿತ್ತೆಂದರೆ ಮುಗಿಯಿತು, ಅದರ ಮೇಲೆ ಮಾತಿಲ್ಲ. ಹಳದಿ ಎಳೆಯುವ ಕೆಲಸ ಗಿಣಿಯದು.

ಪ್ರಾಕ್ಟೀಸಿಗೆ ಹೋಗುವ ಹಿಂದಿನ ಸಂಜೆ ಬಿಳಿ ಅವನು ಎಳೆಯುತ್ತಿದ್ದ, ಹಳದಿ ಅವಳು. ಒಂದೊಂದೇ ಚಕ್ರ ಮುಗಿಸಿಕೊಂಡು ಕೊನೆಗೆ ಮುಂದಿನ ಎಡಚಕ್ರಕ್ಕೆ ಬಂದರು. ಅವನು ಬಿಳಿ ಗೆರೆ ಎಳೆದು, ಬ್ರಷ್ ಕೆಳಗಿಡದೆ, ಅವಳ ಮುಖ ನೋಡದೆ ಹೇಳಿದ.

"ರೇಸ್ ಮುಗಿದ ಮೇಲೆ ನಿಮ್ಮಪ್ಪನ ಹತ್ರ ಒಂದು ವಿಷಯ ಮಾತಾಡಬೇಕು ಅಂತಿದೀನಿ. ಅದಕ್ಕೆ ಮುಂಚೆ ನಿಮ್ಮನ್ನ ಕೇಳಬೇಕು."

"ಏನು ವಿಷಯ?"

"ರೇಸ್ ಮುಗೀಲಿ."

ಗಿಣಿಯ ಕೆನ್ನೆ ಬಿಸಿಯಾಯಿತು. ಅದು ಅವನಿಗೆ ಕಾಣದಿರಲೆಂದು ಬಗ್ಗಿದಳು, ಬಗ್ಗಿದವಳು ಬ್ರಷ್ ತೆಗೆದು ಹಳದಿ ಗೆರೆ ಎಳೆದುಬಿಟ್ಟಳು.

ಸ್ಪಾನರ್ ಬೆಂಚಿನ ಮೇಲೇ ಇತ್ತು.

ಮರುದಿನ ಟ್ರ್ಯಾಕಿನಲ್ಲಿ ಬೆಳಗಿನ ಓಟ ಚೆನ್ನಾಗಿಯೇ ಹೋಯಿತು. ನಿಧಾನಿ ಹೆಲ್ಮೆಟ್ ತೆಗೆದಾಗ ಮುಖದ ತುಂಬ ನಗು. ಬ್ರೇಕು ಸ್ವಲ್ಪ ಮೆತ್ತಗಿದೆ ಅನ್ನಿಸಿ ಚಕ್ರ ಬಿಚ್ಚಿ, ಬ್ರೇಕಿನ ಪೈಪಿನಲ್ಲಿ ಸೇರಿದ್ದ ಗಾಳಿ ತೆಗೆದು, ಮತ್ತೆ ಚಕ್ರ ಹಾಕಿಕೊಂಡು ಹೋದ.

ಮಧ್ಯಾಹ್ನದ ಓಟದಲ್ಲಿ, ಉದ್ದನೆಯ ನೇರ ದಾರಿಯ ಕೊನೆಗೆ, ಕಾರು ತಿರುಗಲಿಲ್ಲ. ಸೀದಾ ಹೋಗಿ ಟೈರುಗಳ ಗೋಡೆಗೆ ಗುದ್ದಿತು.

ಗಿಣಿ ಚಪ್ಪಲಿ ಎಲ್ಲಿ ಬಿತ್ತೋ ತಿಳಿಯದೆ ಓಡಿದಳು. ಪಂಜರ ಗಟ್ಟಿಯಾಗಿ ನಿಂತಿತ್ತು. ಅವನು ಒಳಗೆ ಎಡಗೈಯನ್ನು ಎದೆಗೆ ಒತ್ತಿಕೊಂಡು ಕೂತಿದ್ದ. ಮಣಿಕಟ್ಟು ಮುರಿದಿತ್ತು. ಅಷ್ಟಕ್ಕೇ ಮುಗಿಯಿತು. ಅಷ್ಟಕ್ಕೇ ಮುಗಿಯದೆ ಹೋಗಿದ್ದರೆ... ಅವಳ ಮನಸ್ಸು ಅಲ್ಲಿಂದ ಮುಂದಕ್ಕೆ ಹೋಗಲಿಲ್ಲ.

ಅಪ್ಪ ಚಕ್ರ ಬಿಚ್ಚಿ ನೋಡಿದರು. ಮುಂದಿನ ಎಡಬ್ರೇಕನ್ನು ಹಿಡಿದಿಡುವ ಬೋಲ್ಟೊಂದು ಕಳಚಿ ಬಿದ್ದಿತ್ತು. ಬ್ರೇಕು ತಿರುಗಿ ಚಕ್ರಕ್ಕೆ ಬಡಿದು ಪೈಪ್ ಹರಿದಿತ್ತು. ಬೋಲ್ಟ್ ಇದ್ದ ಜಾಗದ ಪಕ್ಕ, ಲೋಹದ ಮೇಲೆ, ಅರ್ಧ ಬಿಳಿ ಗೆರೆ ಮತ್ತು ಅರ್ಧ ಹಳದಿ ಗೆರೆ ಹಾಗೇ ಉಳಿದಿದ್ದವು.

"ಹಳದಿ ಇದೆ. ಅಂದ್ರೆ ನಮ್ಮ ಗ್ಯಾರೇಜಿಂದ ಹೊರಡುವಾಗ ಬಿಗಿಯಾಗೇ ಇತ್ತು," ಅಂದರು ಅಪ್ಪ. "ಇವತ್ತು ಗಾಳಿ ತೆಗೆಯುವಾಗ ಈ ಬೋಲ್ಟಿಗೇನಾದ್ರೂ ಸ್ಪಾನರ್ ಹಾಕಿದ್ಯೇನಪ್ಪ?"

ನಿಧಾನಿ ನೆನಪಿಸಿಕೊಳ್ಳಲು ನೋಡಿದ. "ಹಾಕಿಲ್ಲ ಅಂತ ನೆನಪು..." ಆ ಹಳದಿ ಗೆರೆಯನ್ನು ನೋಡಿದ. ನೋಡಿ ತಲೆ ತಗ್ಗಿಸಿದ. "ಆದ್ರೆ ಗಿಣಿ ನೋಡಿದಾರಲ್ಲ. ಹಾಗಾದ್ರೆ ನಾನೇ ಹಾಕಿರಬೇಕು."

'ಹೇಳು... ಈಗಲೇ ಹೇಳು!' ಗಿಣಿಯ ಒಳಗೆ ಯಾರೋ ಕೂಗುತ್ತಿದ್ದರು. ಬಾಯಿ ತೆರೆದಳು. ಅಪ್ಪ ಅವಳ ಹೆಗಲ ಮೇಲೆ ಕೈಯಿಟ್ಟು, "ನೀನ್ಯಾಕೆ ಅಳ್ತೀಯ, ನಿನ್ನ ಕೆಲಸ ನೀನು ಸರಿಯಾಗಿ ಮಾಡಿದೀಯ" ಅಂದರು. ತೆರೆದ ಬಾಯಿ ಮುಚ್ಚಿಕೊಂಡಿತು.

ಆ ಬೋಲ್ಟು ಬಿಗಿಯಾಗಿತ್ತೋ ಇಲ್ಲವೋ ಅವಳಿಗೆ ಗೊತ್ತಿರಲಿಲ್ಲ. ಗೊತ್ತಿಲ್ಲದಿರುವುದೇ ಅವಳ ತಪ್ಪಾಗಿತ್ತು.

ಅವನ ಕೈಗೆ ಪಟ್ಟಿ ಬಿತ್ತು. ಗಿಣಿಯ ಬಾಯಿಗೂ ಬಿದ್ದಂತಾಯಿತು. ಗ್ಯಾರೇಜಿನಲ್ಲಿ ಕೇಳಿದ್ದಕ್ಕಷ್ಟೇ ಉತ್ತರ. ಊಟ ಸೇರುತ್ತಿರಲಿಲ್ಲ. ನುಜ್ಜುಗುಜ್ಜಾದ ಕಾರನ್ನು ಮೂಲೆಗೆ ಎಳೆಸಿ, ಬಿಡುವಿದ್ದಾಗಲೆಲ್ಲ ಒಬ್ಬಳೇ ಅದರ ಮೂತಿ ನೆಟ್ಟಗೆ ಮಾಡುತ್ತಿದ್ದಳು. ಅವನು ಫೋನ್ ಮಾಡಿದರೆ ಎತ್ತುತ್ತಿರಲಿಲ್ಲ. ಯಾವ ಮುಖ ಇಟ್ಟುಕೊಂಡು ಎತ್ತುವುದು? 'ಕೈ ಹೇಗಿದೆ ಅಂತ ಕೇಳಲಾ? ಆ ಕೈ ಮುರಿದವಳೇ ನಾನು!' ಕೆಲವು ದಿನಗಳಲ್ಲಿ ಫೋನ್ ಬರುವುದೂ ನಿಂತಿತು. ಅವನೇನೆಂದುಕೊಂಡಿದ್ದಾನೆ ಎಂಬ ಯೋಚನೆ ಅವಳಿಗೆ ಬರಲೇ ಇಲ್ಲ. ತನ್ನ ತಪ್ಪಿನಲ್ಲಿ ಮುಳುಗಿದವರಿಗೆ ಬೇರೆಯವರು ಕಾಣುವುದಿಲ್ಲವಲ್ಲ.

ಒಂದು ಬೆಳಗ್ಗೆ ಕಂಡಕ್ಟರಕ್ಕ ಗ್ಯಾರೇಜಿಗೆ ಬಂದಳು.

"ನೀನೇನಮ್ಮ ಗಿಣಿ? ಮಾತಾಡ್ತಾಳೆ ಮಾತಾಡ್ತಾಳೆ ಅಂತ ಹೇಳ್ತಿದ್ದ. ಅವನ ಹತ್ರ ಮಾತ್ರ ಯಾಕೆ ಬಿಟ್ಟೆ?"

ಗಿಣಿ ಕೈಯಲ್ಲಿದ್ದ ಸುತ್ತಿಗೆಯನ್ನು ತಿರುವಿದಳು.

"ಪಟ್ಟಿ ಬಿಚ್ಚಿದಾರೆ, ಕೈ ಸರಿಯಾಗಿದೆ. ಆದ್ರೆ ಬಸ್ ಮುಟ್ಟಲ್ಲ ಅಂತ ಕೂತಿದಾನೆ. ಬಿಚ್ಚಿದ ಬೋಲ್ಟ್ ನೆನಪಿಲ್ಲದವನ ಹಿಂದೆ ಜನ ಯಾಕೆ ಕೂರಬೇಕು ಅಂತಾನೆ. ಡಿಪೋದಲ್ಲೇ ಬಸ್ ತೊಳ್ಕೊಂಡು ಇರ್ತಾನಂತೆ. ಇವತ್ತು ಮಧ್ಯಾಹ್ನ ಸಾಹೇಬರ ಹತ್ರ ಹೇಳಿಬಿಡ್ತಾನೆ, ಆಮೇಲೆ ಮುಗೀತು. ನಿನ್ನ ಮಾತಾದ್ರೂ ಕೇಳ್ತಾನೇನೋ ಅಂತ ಬಂದೆ." ಅವಳು ಸ್ವಲ್ಪ ತಡೆದು ಹೇಳಿದಳು. "ನಿಂಗೆ ಅವನನ್ನ ಕಂಡ್ರೆ ಅಸಹ್ಯ ಆಗಿದೆ ಅಂದ್ಕೊಂಡಿದಾನೆ ಕಣೇ."

ಗಿಣಿಯ ಕೈಯಿಂದ ಸುತ್ತಿಗೆ ಜಾರಿತು. ಅಸಹ್ಯವಾ? ಅವನನ್ನು ಕಂಡರೆ?

ಸೀದಾ ಅಪ್ಪನ ಹತ್ತಿರ ಹೋದಳು.

"ಅಪ್ಪ, ಆ ಎಡಚಕ್ರಕ್ಕೆ ನಾನು ಸ್ಪಾನರ್ ಹಾಕಲಿಲ್ಲ. ಸುಮ್ನೆ ಹಳದಿ ಎಳೆದೆ."

ಅಪ್ಪ ಪಕ್ಕದಲ್ಲಿದ್ದ ಟೈರಿನ ಮೇಲೆ ಕುಸಿದು ಕೂತರು. ಬೈಯುತ್ತಾರೆಂದು ಕಾದಳು. ಬೈಯಲಿಲ್ಲ. ಅದೇ ಹೆಚ್ಚು ನೋವಾಯಿತು.

"ಅವನಿಗೆ ಹೇಳಿದ್ಯಾ?"

"ಇಲ್ಲ."

"ಮತ್ತೆ ನನ್ನ ಮುಂದೆ ಯಾಕೆ ನಿಂತಿದೀಯ? ಹೋಗು."

ಡಿಪೋದ ಅಂಗಳದಲ್ಲಿ ಅವನು ಒಂದು ಬಸ್ಸಿನ ಪಕ್ಕ ಪೈಪ್ ಹಿಡಿದು ನಿಂತಿದ್ದ. ಎಡಗೈ ಸಣ್ಣಗಾಗಿತ್ತು. ಅವಳನ್ನು ಕಂಡು ನೀರು ನಿಲ್ಲಿಸಿದ.

"ನೀವಾ... ಬನ್ನಿ. ಕಾರಿನ ವಿಷಯ ಮಾತಾಡೋಕ್ಕೆ ಬಂದ್ರಾ? ಗುಜರಿಗೆ ತೂಕಕ್ಕೆ ಹಾಕಿಬಿಡಿ. ನಿಮ್ಮ ಅಷ್ಟು ದಿನದ ಕೆಲಸ ಹಾಳು ಮಾಡಿದೆ. ಕ್ಷಮಿಸಿ."

"ಕ್ಷಮೆ ಕೇಳಬೇಡಿ... ದಯವಿಟ್ಟು. ನಾನು ಹೇಳೋದು ಮುಗಿಯೋ ತನಕ ಏನೂ ಹೇಳಬೇಡಿ."

ಹೇಳಿದಳು. ಬ್ರಷ್ಷು, ಬೆಂಚಿನ ಮೇಲಿದ್ದ ಸ್ಪಾನರ್, ಹೆಗಲ ಮೇಲೆ ಬಿದ್ದ ಅಪ್ಪನ ಕೈ, ಮುಚ್ಚಿಕೊಂಡ ಬಾಯಿ. ಯಾವುದನ್ನೂ ಬಿಡಲಿಲ್ಲ.

ಅವನು ಪೈಪನ್ನು ಕೆಳಗಿಟ್ಟ.

"ಹಾಗಾದ್ರೆ ನಾನು ಟ್ರ್ಯಾಕಲ್ಲಿ ಆ ಬೋಲ್ಟ್ ಮುಟ್ಟಿಲ್ಲ?"

"ಗೊತ್ತಿಲ್ಲ. ಮುಟ್ಟಿರಬಹುದು, ಇಲ್ಲದೆಯೂ ಇರಬಹುದು. ನಾನು ನೋಡಿದ್ದಿದ್ರೆ ಗೊತ್ತಾಗ್ತಿತ್ತು. ನನ್ನ ಗೆರೆ ನಂಬಿ ನೀವು ನಿಮ್ಮನ್ನೇ ನಂಬೋದು ಬಿಟ್ರಿ."

"ಗಿಣಿ, ಅವತ್ತಿಂದ ನಾನು ಮನೆ ಬೀಗ ಹಾಕಿ ಅರ್ಧ ದಾರಿಯಿಂದ ವಾಪಸ್ ಹೋಗಿ ನೋಡ್ತಿದ್ದೆ. ಸ್ಟವ್ ಆರಿಸಿ, ಮತ್ತೆ ಮುಟ್ಟಿ ನೋಡ್ತಿದ್ದೆ. ನನ್ನ ಕೈ ಏನ್ ಮಾಡುತ್ತೆ ಅಂತ ನಂಗೇ ಗೊತ್ತಾಗಲ್ಲ ಅಂದ್ಕೊಂಡಿದ್ದೆ." ಎಡಗೈ ಮುಂದಕ್ಕೆ ಚಾಚಿದ. "ಕೈ ಮುರಿದಿದ್ದಕ್ಕೆ ಸಿಟ್ಟಿಲ್ಲ. ಸ್ಪಾನರ್ ಮರೆತಿದ್ದಕ್ಕೂ ಇಲ್ಲ, ಯಾರಾದ್ರೂ ಮರೀಬಹುದು. ಇಷ್ಟು ದಿನ ನೀನು ಗೊತ್ತಿದ್ದೂ ಸುಮ್ನಿದ್ದೆ. ನೀನು!"

ಅವನು ಅವಳಿಗೆ 'ನೀನು' ಅಂದದ್ದು ಅದೇ ಮೊದಲು. ಆ ಮಾತು ಎಂದಾದರೂ ಬರಲಿ ಎಂದು ಅವಳು ಕಾದಿದ್ದಳು. ಬಂದದ್ದು ಹೀಗೆ, ಚುಚ್ಚುವ ಹಾಗೆ. ಕಣ್ಣು ತುಂಬಿ ಬಂದರೂ ಒರೆಸಿಕೊಳ್ಳಲಿಲ್ಲ. ಅಳುವ ಹಕ್ಕು ತನಗಿಲ್ಲ ಅನ್ನಿಸಿತು.

"ಹೌದು. ಹೇಳಿದ್ರೆ ನೀವು ನನ್ನ ಮುಖ ನೋಡಲ್ಲ ಅಂತ ಹೆದರಿದೆ. ನನ್ನನ್ನ ಉಳಿಸಿಕೊಳ್ಳೋಕ್ಕೆ ನಿಮ್ಮನ್ನ ಬಿಟ್ಟುಕೊಟ್ಟೆ. ಈಗ ಮುಖ ನೋಡಬೇಡಿ, ಪರವಾಗಿಲ್ಲ. ಸ್ಟಿಯರಿಂಗ್ ಮಾತ್ರ ಬಿಡಬೇಡಿ. ತಪ್ಪು ನಿಮ್ಮ ಕೈಯದು ಅಂತ ಯಾರೂ ಹೇಳೋಕ್ಕಾಗಲ್ಲ." ಉಸಿರು ಎಳೆದುಕೊಂಡಳು. "ಇನ್ನೊಂದು ಮಾತು. ಅವತ್ತು ನೀವು ಕೇಳಬೇಕು ಅಂದಿದ್ದು... ಅದಕ್ಕೆ ನನ್ನ ಉತ್ತರ ಹೂಂ ಅಂತಲೇ ಇತ್ತು. ಈಗಲೂ ಅದೇ. ಕೇಳಿ ಅಂತಲ್ಲ. ಗೊತ್ತಿರಲಿ ಅಂತ."

ಅವನು ಪೈಪ್ ಸುತ್ತಿಟ್ಟು, ಸಾಹೇಬರ ಕೋಣೆಯ ಕಡೆ ನಡೆದುಬಿಟ್ಟ.

ಗಿಣಿ ಗೇಟಿನವರೆಗೆ ಬಂದಳು. 'ಹೋಗು, ಇನ್ನೇನು ಉಳಿದಿದೆ ಇಲ್ಲಿ?' ಅಂದುಕೊಂಡಳು. ಅಲ್ಲೇ ನಿಂತಳು.

ಬಾಗಿಲು ತೆರೆದ ಸದ್ದು. ಅವನು ಕೈಯಲ್ಲೊಂದು ಬೀಗದಕೈ ಹಿಡಿದು ಹೊರಗೆ ಬಂದ.

"ಮತ್ತೆ ಓಡಿಸ್ತೀನಿ ಅಂದೆ. ಖಾಲಿ ಬಸ್ ಒಂದನ್ನ ಅಂಗಳದಲ್ಲಿ ಓಡಿಸಿ ತೋರಿಸು ಅಂದ್ರು. ಆಮೇಲೆ ನಾಳೆಯಿಂದ ಡ್ಯೂಟಿ." ಬೀಗದಕೈ ನೋಡುತ್ತಲೇ ಹೇಳಿದ. "ಕೈ ನಡುಗ್ತಿದೆ."

ಅವಳು ಎರಡು ಹೆಜ್ಜೆ ಹತ್ತಿರ ಬಂದಳು.

"ಸಿಟ್ಟು ಹೋಗಿಲ್ಲ ನಂಗೆ," ಅಂದ ಅವನು.

"ಗೊತ್ತು."

"ಬೇಗ ಹೋಗೋದೂ ಇಲ್ಲ. ನಂದೆಲ್ಲ ನಿಧಾನ."

"ಕಾಯ್ತೀನಿ."

"ಅಲ್ಲಿ ನಿಂತ್ಕೊಂಡು ಯಾಕೆ? ಹತ್ತು."

ಖಾಲಿ ಬಸ್ಸಿನಲ್ಲಿ ಅವಳು ಡ್ರೈವರನ ಹಿಂದಿನ ಸೀಟಿನಲ್ಲಿ ಕೂತಳು. ಇಂಜಿನ್ ಶುರುವಾಯಿತು. ಅವನು ಗೇರಿನ ಮೇಲೆ ಕೈಯಿಟ್ಟು ಹಾಗೇ ಕೂತ. ಕನ್ನಡಿಯಲ್ಲಿ ಅವಳು ಪೂರ್ತಿ ಕೂತಿದ್ದಾಳೋ ಇಲ್ಲವೋ ನೋಡಿದ. ಆಮೇಲೆ ಬಸ್ಸು ಅಲುಗದ ಹಾಗೆ ಹೊರಟಿತು.

"ಕಾರು ಎಲ್ಲಿಗೆ ಬಂತು?"

"ಮೂತಿ ನೆಟ್ಟಗಾಗಿದೆ. ಬ್ರೇಕ್ ಮುಟ್ಟಿಲ್ಲ."

"ಯಾಕೆ?"

"ಅದು ಒಬ್ಬಳೇ ಮಾಡೋ ಕೆಲಸ ಅಲ್ಲ."

ಅಂಗಳದ ಮೂಲೆಯಲ್ಲಿ ಬಸ್ಸು ಮೆಲ್ಲಗೆ ತಿರುಗಿತು. ಸ್ಟಿಯರಿಂಗ್ ಮೇಲೆ ಎರಡು ಕೈಗಳೂ ನೆಟ್ಟಗೆ ಕೂತಿದ್ದವು.

"ಭಯ ಆಗ್ತಿದ್ಯಾ?" ಕೇಳಿದ.

"ಆಗ್ತಿದೆ."

"ನನ್ನ ಡ್ರೈವಿಂಗಿಗಾ?"

"ಅಲ್ಲ. ಒಂದು ಸುತ್ತು ಮುಗೀತು, ಇಳಿ ಅಂತೀರೇನೋ ಅಂತ."

ಸಾಹೇಬರ ಕೋಣೆಯ ಮುಂದೆ ಬಂದಾಗ ಅವನು ಬ್ರೇಕ್ ಒತ್ತಲಿಲ್ಲ. ಎರಡನೇ ಸುತ್ತಿಗೆ ಬಸ್ಸನ್ನು ತಿರುಗಿಸಿದ.

"ಸುಮ್ನೆ ಕೂತ್ಕೋ," ಅಂದ.