ಕಾರು ಹಿಡಿದ ಮಾತು

ಅಣ್ಣಿಗೇರಿ ದಾಟಿ ಸ್ವಲ್ಪ ದೂರ ಬರುವಷ್ಟರಲ್ಲಿ ಸ್ಟಿಯರಿಂಗ್ ಪಕ್ಕದ ಹಸಿರು ದೀಪ ಕೆಂಪಾಯಿತು. ಕಾರು ತಾನಾಗಿಯೇ ವೇಗ ತಗ್ಗಿಸಿ, ರಸ್ತೆಯ ಎಡಕ್ಕೆ ಸರಿದು, ಜಾಲಿಮರವೊಂದರ ಬಳಿ ನಿಂತಿತು.

“ಕೊಟ್ಟ ಮಾತಿಗೆ ವಿದ್ಯುತ್ ಮೀಸಲಿದೆ. ಮುಂದೆ ಹೋದರೆ ಮಾತು ತಪ್ಪುತ್ತದೆ,” ಎಂದಿತು.

ದಾಕ್ಷಾಯಣಿ ಗದಗಿನಿಂದ ಹುಬ್ಬಳ್ಳಿಯ ಕಾಲೇಜಿಗೆ ದಿನಾ ಹೋಗಿ ಬರುವವಳು. ಪೂರ್ತಿ ಬ್ಯಾಟರಿಯ ಕಾರು ಕೊಳ್ಳುವುದೋ, ಪೆಟ್ರೋಲ್ ಎಂಜಿನ್ನೂ ಇರುವ ಹೈಬ್ರಿಡ್ ಕೊಳ್ಳುವುದೋ ಎಂದು ತೀರ್ಮಾನವಾಗದೆ, ಒಂದು ವಾರ ಹೈಬ್ರಿಡ್ ಓಡಿಸಿ ನೋಡಿದ್ದಳು. ಈ ವಾರ ಅದೇ ಕಂಪನಿಯವರು ಪರೀಕ್ಷೆಗೆ ಕೊಟ್ಟ ಬ್ಯಾಟರಿ ಕಾರಿನ ಸರದಿ.

ಬ್ಯಾಟರಿ ಕಾರಿನವರ ದೊಡ್ಡ ಭಯ ನಡುದಾರಿಯಲ್ಲಿ ನಿಲ್ಲುವುದು. ಅದಕ್ಕೆ ಮದ್ದಾಗಿ ಬಂದದ್ದು ‘ವಚನಗ್ರಾಹಿ’ ಎಂಬ ಯಂತ್ರ. ಕಾರಿನಲ್ಲಿ ಕುಳಿತವರು ‘ಸಂಜೆ ಮಗಳನ್ನು ಕರೆತರುತ್ತೇನೆ’ ಎಂದರೆ ಸಾಕು. ಅದು ದೂರ, ಏರು, ದಟ್ಟಣೆಗಳ ಲೆಕ್ಕ ಹಾಕಿ ಆ ಪಯಣಕ್ಕೆ ಬೇಕಾದ ವಿದ್ಯುತ್ತನ್ನು ತೆಗೆದಿಡುತ್ತದೆ. ತೆಗೆದಿಟ್ಟದ್ದನ್ನು ಬೇರೆ ಪಯಣಕ್ಕೆ ಮುಟ್ಟಲು ಬಿಡುವುದಿಲ್ಲ. ಯಂತ್ರಕ್ಕೆ ಕನ್ನಡ ಕಲಿಸಿದ್ದು ಈ ವಾರವಷ್ಟೇ. ರಸ್ತೆಯ ಮೇಲಿದ್ದ ಹಳೆಯ ಬ್ಯಾಟರಿ ಕಾರುಗಳಿಗೂ ಆ ಕಲಿಕೆ ರವಾನೆಯಾಗಿತ್ತು.

ಪಕ್ಕದ ಸೀಟಿನಲ್ಲಿ ಅತ್ತೆ ಗುರುಬಸವ್ವ ಎದೆ ಒತ್ತಿ ಹಿಡಿದು ಬೆವರುತ್ತಿದ್ದರು. ಹುಬ್ಬಳ್ಳಿಯಲ್ಲಿ ಮದುವೆಯೂಟ ಮುಗಿಸಿ ಹೊರಟಾಗ ಚೆನ್ನಾಗಿಯೇ ಇದ್ದವರು. ಗದಗಿನ ಆಂಬುಲೆನ್ಸ್ ಬೇರೆ ಊರಿಗೆ ಹೋಗಿತ್ತು. ಬರುವುದು ತಡವಾಗುತ್ತದೆ ಎಂದಿದ್ದರು. ಹಿಂದಿರುಗಲು ಹುಬ್ಬಳ್ಳಿ ದೂರ; ಗದಗಿನ ಆಸ್ಪತ್ರೆಯೇ ಹತ್ತಿರ. ದಾಕ್ಷಾಯಣಿ ಕೆಳಗಿಳಿದು ಕೈ ಬೀಸಿದಳು. ಲಾರಿಯೊಂದು ಹಾರ್ನ್ ಹೊಡೆದು ಮುಂದೆ ಹೋಯಿತು.

ಅವಳು ಒಳಗೆ ಬಂದು ಸಹಾಯದ ಗುಂಡಿ ಒತ್ತಿದಳು. ಪರೀಕ್ಷೆಗೆ ಕೊಟ್ಟ ಕಾರುಗಳ ಕರೆಗಳನ್ನು ಯಂತ್ರ ರೂಪಿಸಿದ ವಿಜ್ಞಾನಿ ಶ್ರೀವತ್ಸ ಬೆಂಗಳೂರಿನಿಂದ ತಾನೇ ತೆಗೆದುಕೊಳ್ಳುತ್ತಿದ್ದ.

“ಕಾರು ಕೆಟ್ಟಿಲ್ಲ ಮೇಡಂ. ಇವತ್ತು ಮತ್ತೆ ಹುಬ್ಬಳ್ಳಿಗೆ ಹೋಗೋದಿದೆ ಅಂತ ಅದರ ಲೆಕ್ಕ. ಗದಗದಲ್ಲಿ ರಾತ್ರಿವರೆಗೂ ಚಾರ್ಜಿಂಗ್‌ಗೆ ಜಾಗ ಖಾಲಿ ಇಲ್ಲ.”

“ಯಾರ್ರೀ ಹಂಗ ಅಂದೋರು?”

“ಗುರುಬಸವ್ವನವರು. ಸಂಗಪ್ಪ ಅನ್ನೋರ ಮನೆಗೆ.”

ದಾಕ್ಷಾಯಣಿಗೆ ಹೊಳೆಯಿತು. ಸಂಗಪ್ಪ ಅತ್ತೆಯ ತಮ್ಮ. ಅಕ್ಕನ ಗಂಡ ತೀರಿಕೊಂಡಾಗಲೂ ಬಂದಿರಲಿಲ್ಲ. ಅಂದಿನಿಂದ ಇಬ್ಬರಿಗೂ ಮಾತಿಲ್ಲ. ಇವತ್ತು ಮದುವೆಮನೆಯ ಮುಂದೆ ನಾಲ್ಕು ಜನ ನೋಡುತ್ತಿದ್ದಾರೆಂದು ಅವನು ಕಾರಿನ ಬಾಗಿಲು ಹಾಕಿಕೊಟ್ಟಿದ್ದ. ನಾಲ್ಕು ಜನ ನೋಡುತ್ತಿದ್ದಾರೆಂದೇ ಅತ್ತೆ ‘ಬರ್ತೀನೋ ತಮ್ಮಾ’ ಎಂದಿದ್ದರು.

“ಅದು ಹೊಂಡೂ ಮುಂದಿನ ಮಾತ್ರೀ! ಹೋಗ್ತೀನಿ ಅನ್ನಬಾರದಂತ ಬರ್ತೀನಿ ಅಂತಾರ. ನೀವು ಮನಿ ಬಿಡೂ ಮುಂದ ಏನಂತೀರಿ?”

“ಬರ್ತೀನಿ ಅಂತೀನಿ... ನಾವು ಅದಕ್ಕೆ ಕಲಿಸಿದ್ದು ಕರಾರುಪತ್ರದ ಕನ್ನಡ, ಮೇಡಂ. ದಿನ ಹೇಳದಿದ್ರೆ ಇವತ್ತೇ ಅಂತ ಹಿಡಿಯುತ್ತೆ.”

“ಹಂಗಾದ್ರ ತೆಗದ್ ಹಾಕ್ರಿ!”

“ನಮ್ಮ ಕೈಲಿಲ್ಲ. ಕೊಟ್ಟ ಮಾತನ್ನ ಕಂಪನಿ ಅಳಿಸೋ ಹಾಗಿದ್ರೆ ಜನ ನಂಬಲ್ಲ ಅಂತ ಆ ದಾರಿ ನಾವೇ ಮುಚ್ಚಿದ್ವಿ. ಅವರೇ ತಮ್ಮ ದನಿಯಲ್ಲಿ ‘ನಾನು ಬರೋದಿಲ್ಲ’ ಅನ್ನಬೇಕು.”

ಎದೆನೋವು ಬಂದು ಆಸ್ಪತ್ರೆಗೆ ಹೊರಟವರ ಬಾಯಿಂದ ಆ ಮಾತು ಹೊರಡಿಸುವುದು ಹೇಗೆ? ಕೇಳಬೇಕಾಗಿಯೂ ಬರಲಿಲ್ಲ. ಗುರುಬಸವ್ವ ಎಲ್ಲವನ್ನೂ ಕೇಳಿಸಿಕೊಂಡಿದ್ದರು.

“ನಾ ಅನ್ನಾಂಗಿಲ್ಲ.”

“ಅತ್ತೀ, ಬರೇ ಮಾತದು. ನಿಮ್ಮ ಕಾಲಿಗೆ ಬೀಳ್ತೀನಿ.”

“ಬರೇ ಮಾತಾದ್ರ ಗಾಡಿ ಯಾಕ ನಿಂತೈತಿ?” ಉಸಿರು ಸಿಗದೆ ಅವರು ಕಣ್ಣು ಮುಚ್ಚಿದರು. ತುಟಿ ನೀಲಿಗಟ್ಟುತ್ತಿತ್ತು. ಮತ್ತೆ ಕಣ್ಣು ತೆರೆದಾಗ ದನಿ ಸಣ್ಣದಾಗಿತ್ತು. “ಸಂಗ್ಯಾಗ ಫೋನ್ ಹಚ್ಚು.”

ಕರೆ ಹೋಯಿತು. ಎತ್ತುವುದೇ ಇಲ್ಲವೇನೋ ಎನ್ನುವಷ್ಟು ಹೊತ್ತು ರಿಂಗಾಯಿತು. ಕೊನೆಗೆ ಗಂಡಸಿನ ದನಿ, ಹಿಂದೆ ಸಂತೆಗದ್ದಲದಂಥ ಹಾರ್ನ್‌ಗಳು. ಅವನೂ ತನ್ನ ಹಳೆಯ ಬ್ಯಾಟರಿ ಕಾರಿನಲ್ಲಿದ್ದ.

“ತಮ್ಮಾ, ನಾ ನಿಮ್ಮನಿಗೆ ಬರೂದಿತ್ತು. ಅದರ ಬದಲಿ ನೀನ ನಮ್ಮನಿಗೆ ಬಾ. ಇವತ್ತ. ಬರ್ತೀಯೋ, ಇಲ್ಲೋ?”

“ಆಂ? ಏನಕ್ಕಾ ಈಗ...” ಅವನು ತಡವರಿಸಿದ. “ಹ್ಞೂಂ, ಬರ್ತೀನಿ ಬಿಡು.” ಕರೆ ಕಡಿಯಿತು.

ಕೆಂಪು ದೀಪ ಒಮ್ಮೆ ಮಿಣುಕಿತು.

“ಪಯಣದ ಹೊಣೆ ಎದುರಿನವರಿಗೆ ಹೋಗಿದೆ. ಮೀಸಲು ಬಿಟ್ಟಿದೆ,” ಎಂದ ಕಾರು, ಅವಳು ಕಾಲು ಒತ್ತುತ್ತಿದ್ದಂತೆ ಗದಗಿನ ಕಡೆ ಹಾರಿತು.

ಆಸ್ಪತ್ರೆಯಲ್ಲಿ ರಕ್ತನಾಳದ ಅಡ್ಡಿ ತೆಗೆದು, ಗುರುಬಸವ್ವನವರನ್ನು ವಾರ್ಡಿಗೆ ತರುವಾಗ ದೀಪ ಹಚ್ಚುವ ಹೊತ್ತಾಗಿತ್ತು. ಶ್ರೀವತ್ಸನ ಫೋನ್ ಬಂತು. ಕ್ಷಮೆ ಕೇಳಿದ. ‘ಬರ್ತೀನಿ’ಯನ್ನು ಯಂತ್ರ ಇನ್ನು ಮಾತೆಂದು ಹಿಡಿಯದಂತೆ ತಿದ್ದುತ್ತಿದ್ದೇವೆ ಎಂದ.

“ತಿದ್ಕೋರಿ. ನನಗ ಕಿವಿ ಇಲ್ಲದ ಗಾಡಿ ಸಾಕು. ಹೈಬ್ರಿಡ್ ಕೊಡ್ರಿ,” ಎಂದಳು ದಾಕ್ಷಾಯಣಿ.

ಆಗ ವಾರ್ಡಿನ ಬಾಗಿಲಲ್ಲಿ ಸಂಗಪ್ಪ ಕಾಣಿಸಿದ. ಅಂಗಿಯೆಲ್ಲ ಬೆವರು, ಮುಖದಲ್ಲಿ ಗಾಬರಿ.

“ಅಕ್ಕಾ, ನಿಮ್ಮನಿಗೆ ಹೋಗಿದ್ದೆ. ಬಾಜೂ ಮನಿಯವರು ಇಲ್ಲಿ ಅಂದ್ರು.” ಮಂಚದ ಹತ್ತಿರ ಬಂದವನು ಕೂರಲು ಅಳುಕಿದ. “ಸುಳ್ಳ್ಯಾಕ ಹೇಳ್ಲಿ, ಬರೂ ವಿಚಾರ ಇರಲಿಲ್ಲ. ಸುಮ್ನ ಅಂದಿದ್ದೆ. ಅಂಗಡಿ ಕಡೆ ತಿರುವಿದ್ರ ಗಾಡಿ ನಿಂತ್ ಬಿಡ್ತು. ಗದಗಿನ ಕಡೆ ತಿರುವಿದ್ರ ಅಷ್ಟ ಓಡ್ತಿತ್ತು.”

“ಮೇಡಂ, ಹೈಬ್ರಿಡ್ ಅಂತ ಬರ್ಕೊಳ್ಳಲಾ?” ಫೋನಿನಲ್ಲಿ ಶ್ರೀವತ್ಸ ಕೇಳಿದ.

“ಒಂದೀಟು ತಡೀರಿ,” ಎಂದಳು ದಾಕ್ಷಾಯಣಿ.

ಗುರುಬಸವ್ವ ಸೂಜಿ ಚುಚ್ಚದಿದ್ದ ಕೈಯಿಂದ ತಮ್ಮನ ಅಂಗಿಯ ತುದಿ ಹಿಡಿದು ಮಂಚದ ಮೇಲೆ ಕೂರಿಸಿದರು.

“ನೀ ಅಂದಿದ್ದನ್ನ ನಾನೂ ನಂಬಿರಲಿಲ್ಲೋ,” ಎಂದರು. “ಆ ಗಾಡಿ ಒಂದ ನಂಬಿತು.”