ಕೊರಳಿಗೆ ಬಿದ್ದ ಲಡಿ

“ಈ ನೂಲಿನ ಲಡಿ ಯಾರದು?”

ರೇಷ್ಮೆ ಕಾರ್ಖಾನೆಯ ಗದ್ದಲ ಒಮ್ಮೆಲೇ ಅಡಗಿತು. ಹೊಂಬಾಳಮ್ಮನ ಬೆರಳುಗಳು ಗೂಡು ಬೇಯುವ ಬಿಸಿನೀರಿನ ತೊಟ್ಟಿಯಲ್ಲೇ ಉಳಿದವು. ಸುಡುತ್ತಿರುವುದೂ ಅವಳಿಗೆ ತಿಳಿಯಲಿಲ್ಲ...

ಚಲುವರಾಜು! ಯುದ್ಧದ ನೂಲು ಪರೀಕ್ಷಿಸಲು ಮಳವಳ್ಳಿಗೆ ಬಂದವನು. ಇಷ್ಟು ದಿನ ತನ್ನತ್ತ ಕಣ್ಣೆತ್ತಿಯೂ ನೋಡದವನು ಇಂದು ನೋಡುತ್ತಿದ್ದಾನೆ. ಆದರೆ ಹೀಗಾ?

“ನಂದು, ಸ್ವಾಮಿ.”

“ಇದರಲ್ಲಿ ಏನು ಮಾಡ್ತಾರೆ ಗೊತ್ತಾ? ವಿಮಾನದಿಂದ ಹಾರೋ ಸಿಪಾಯಿಗೆ ಪ್ಯಾರಾಚೂಟು. ನಿನ್ನ ನೂಲು ನಂಬಿದವನು ಹೆಣವಾಗಿ ನೆಲಕ್ಕೆ ಬೀಳ್ತಾನೆ!”

ಯಾರೋ ಕಿಸಕ್ಕನೆ ನಕ್ಕರು.

“ತೂಕ ಸರಿಯಾಗೈತಲ್ಲ...”

ಅವ್ವನಿಂದ ಕಲಿತದ್ದು ಅದೇ. ನೂಲು ಒಂದಷ್ಟು ದೂರ ದಪ್ಪವಾದರೆ ಮುಂದೆ ಅಷ್ಟೇ ಸಣ್ಣ ತೆಗೆಯುವುದು. ಹಿಂದೆಲ್ಲ ವ್ಯಾಪಾರಿಗಳು ಇಡೀ ಲಡಿಯನ್ನೇ ತಕ್ಕಡಿಗೆ ಹಾಕುತ್ತಿದ್ದರು. ಯಾರಿಗೂ ಗೊತ್ತಾಗುತ್ತಿರಲಿಲ್ಲ.

ಅವನು ಒಂದೇ ಉದ್ದದ ಐದು ತುಂಡು ಕತ್ತರಿಸಿ ತೂಗಿದ. ಹಲಗೆಯ ಮೇಲೆ ಬಳಪ ಕಿರುಗುಟ್ಟಿತು.

“ಹದಿನಾಲ್ಕು, ಇಪ್ಪತ್ತಾರು, ಇಪ್ಪತ್ತು, ಹದಿನೈದು, ಇಪ್ಪತ್ತೈದು. ಸರಾಸರಿ ಇಪ್ಪತ್ತು. ನಿನ್ನ ಪಕ್ಕದ ತೊಟ್ಟಿಯ ಪಟ್ಟಲಮ್ಮಂದೂ ಇಪ್ಪತ್ತೇ. ಆದರೆ ಅವರ ನೂಲು ಹತ್ತೊಂಬತ್ತರಿಂದ ಇಪ್ಪತ್ತೊಂದರೊಳಗೇ ಇದೆ. ನಿನ್ನದರಲ್ಲಿ ಹನ್ನೆರಡರ ಅಂತರ!”

“ಎಚ್ಚು ಕಮ್ಮಿ ಕೂಡಿದ್ರೆ ಸೊನ್ನೆ ಆಯ್ತದಲ್ಲ, ಸ್ವಾಮಿ?”

“ಅದೇ ಮೋಸ! ಅದಕ್ಕೇ ಒಂದೊಂದು ವ್ಯತ್ಯಾಸವನ್ನೂ ಅದರಿಂದಲೇ ಗುಣಿಸ್ತೀವಿ. ಆರು ಕಮ್ಮಿಯಾದರೂ ಮೂವತ್ತಾರು, ಆರು ಹೆಚ್ಚಾದರೂ ಮೂವತ್ತಾರು. ಎಲ್ಲ ಸೇರಿಸಿ ಅದರ ಸರಾಸರಿ ನೋಡ್ತೀವಿ. ಒಂದು ತಪ್ಪು ಇನ್ನೊಂದನ್ನ ಮುಚ್ಚಲ್ಲ.”

ಆ ಕಾರ್ಖಾನೆಯಲ್ಲೊಂದು ಪದ್ಧತಿಯಿತ್ತು. ಕೆಟ್ಟ ಲಡಿಯನ್ನು ತೆಗೆದವಳ ಕೊರಳಿಗೇ ಹಾಕಿ, ಸಂಜೆಯ ಸೀಟಿಯವರೆಗೆ ಬಾಗಿಲಲ್ಲಿ ನಿಲ್ಲಿಸುವುದು. ಆಮೇಲೆ ಕೆಲಸವಿಲ್ಲ.

ಅವನೇ ಹಾಕಿದ. ಅವನ ಬೆರಳು ಕೊರಳಿಗೆ ತಾಗಿತು. ಈ ಸ್ಪರ್ಶಕ್ಕಾಗಿಯೇ ಎಷ್ಟು ಹಂಬಲಿಸಿದ್ದೆ, ದೇವರೇ... ಇದಕ್ಕಾ?

ಬಾಗಿಲಾಚೆ, ಬೇವಿನ ಮರದಡಿ ಗಾಡಿ ನಿಂತಿತ್ತು. ಕಿರುಗಾವಲಿನ ನಿಂಗಯ್ಯ, ಸತ್ತ ಅಕ್ಕನ ಗಂಡ, ಸಂತೆಗೆಂದು ಬಂದವನು. ಅವ್ವನ ಮಾತು ಒಂದೇ ಇತ್ತು: ‘ದುಡಿಯೋವರ್ಗೂ ನಿನ್ನಿಷ್ಟ. ಕೆಲಸ ಓದ ದಿನ ನಿಮ್ ಭಾವನ್ನ ಕಟ್ಕೋ.’

“ಆರ ಆಕ್ಕೊಂಡೇ ನಿಂತವ್ಳಲ್ಲಪ್ಪಾ!” ನಿಂಗಯ್ಯ ಹಲ್ಲು ಕಿರಿದ. “ಅಳ್ಬ್ಯಾಡ ಕಣಮ್ಮಿ. ನಿಮ್ಮಕ್ಕನೂ ಇಂಗೇ ಅಳೋಳು. ಎಲ್ಡು ಬಿಟ್ರೆ ನಿಲ್ಸೋಳು.”

ಹೊಂಬಾಳಮ್ಮನಿಗೆ ಅಕ್ಕನ ಬಾತುಕೊಂಡ ಕೆನ್ನೆ ಕಣ್ಮುಂದೆ ಬಂತು. ಅವಳು ಬಾಗಿಲ ಕಂಬವನ್ನು ಗಟ್ಟಿಯಾಗಿ ಹಿಡಿದುಕೊಂಡಳು.

ಒಳಗೆ ಪಟ್ಟಲಮ್ಮನ ಗಂಟಲು ಏರಿತು. “ಸ್ವಾಮಿ, ನೀವು ಮೈಸೂರಿಗೆ ಓಗಿದ್ರಲ್ಲ, ಆ ವಾರದ ಇವಳ ಲಡಿ ಒಸಿ ತೂಗಿ. ಓದ್ಕೊಂಡೋರ್ಗೆ ನಾನೇನ್ ಏಳ್ಲಿ? ಕೆಲಸ ಓದ್ರೆ ಇವಳ್ನ ಆ ಗಾಡಿಯೋನ್ಗೇ ಕಟ್ತಾರೆ.”

ಅವನು ಬೇಸರದಿಂದಲೇ ತೂಗಿದ. ಇಪ್ಪತ್ತು... ಹತ್ತೊಂಬತ್ತು... ಇಪ್ಪತ್ತು... ಇಪ್ಪತ್ತೊಂದು... ಇಪ್ಪತ್ತು. ಬಳಪ ಹಿಡಿದ ಕೈ ನಿಂತಿತು.

ಸ್ವಲ್ಪ ಹೊತ್ತಿಗೆ ಅವನು ಬಾಗಿಲಿಗೆ ಬಂದ.

“ನಾನಿಲ್ಲದಾಗ ಇಷ್ಟು ಸಮನಾಗಿದೆ. ನಾನಿದ್ದಾಗ ಮಾತ್ರ ಹೀಗೆ. ಯಾಕೆ?”

ಇನ್ನು ಮುಚ್ಚಿಡಲು ಏನು ಉಳಿದಿದೆ?

“ನೀವು ಬಂದ್ರೆ ಗೂಡು ಎಣಿಸಕ್ಕಾಗಕಿಲ್ಲ. ಎಳೆ ಕಡಿದು ನೂಲು ಸಣ್ಣ ಆದ್ರೂ ಕಾಣಕಿಲ್ಲ. ಗ್ಯಾನ ಬಂದ್ಮೇಲೆ ಗಾಬರಿಗೆ ಎಲ್ಡು ಗೂಡು ಎಚ್ಚಾಗಿ ಸೇರಿಸ್ಬುಡ್ತೀನಿ...”

ಅವನ ಮುಖ ಕೆಂಪಾಯಿತು.

“ಆದರೂ ಈ ನೂಲು ಪಾಸು ಮಾಡಲ್ಲ. ನಿನ್ನ ಕೆಲಸವೂ ಉಳಿಯಲ್ಲ.”

ಅವಳು ಕಣ್ಣು ಮುಚ್ಚಿದಳು. ಇಷ್ಟು ಕಲ್ಲೇ ನೀವು?

ಕೊರಳು ಹಗುರಾಯಿತು. ಕಣ್ಣು ತೆರೆದರೆ ಲಡಿ ಅವನ ಕೊರಳಲ್ಲಿತ್ತು! ಒಳಗಿನ ಹೆಂಗಸರೆಲ್ಲ ತೊಟ್ಟಿ ಬಿಟ್ಟು ಎದ್ದು ನೋಡುತ್ತಿದ್ದರು.

“ಇದಕ್ಕೆ ಕಾರಣ ನಾನು. ಸೀಟಿ ಆಗೋವರೆಗೂ ನಾನೇ ನಿಲ್ತೀನಿ.”

ನಿಂಗಯ್ಯ ಗಾಡಿಯಿಂದ ಧುಮುಕಿದ. “ಏನ್ಲಾ ಇದು ಆಟ?”

“ಗಾಡಿ ಖಾಲಿ ಹೊಡ್ಕೊಂಡು ಹೋಗಿ. ಇವಳು ಒಪ್ಪಿದರೆ, ಸಂಜೆ ಇವರ ತಾಯಿ ಹತ್ತಿರ ನಾನೇ ಮದುವೆ ಮಾತಾಡ್ತೀನಿ.” ಅವನು ಅವಳತ್ತ ತಿರುಗಿದ. “ನಿನ್ನ ನೋಡಿದರೆ ನನಗೂ ಲೆಕ್ಕ ತಪ್ಪುತ್ತೆ, ಅದಕ್ಕೇ ಇಷ್ಟು ದಿನ ಕಣ್ಣೆತ್ತಿರಲಿಲ್ಲ. ಒಪ್ಪಿಗೇನಾ?”

ಅವಳು ತಲೆಯಾಡಿಸಿದಳು. ನಿಂಗಯ್ಯ ಉಗಿದು ಗಾಡಿ ಹೊಡೆದ.

ಚಲುವರಾಜು ಅವಳ ಬೆಂದ ಬೆರಳುಗಳನ್ನು ನೋಡಿದ.

“ಅಷ್ಟು ಜನರ ಮುಂದೆ ಹಾಗಂದೆ. ತುಂಬಾ ನೋವಾಯ್ತಾ?”

“ಊಂ.”

“ಈಗಿನ ಸಂತೋಷಕ್ಕೆ ಅದು ವಜಾ ಆಗುತ್ತಾ?”

“ಕೂಡಿ ಸೊನ್ನೆ ಮಾಡ್ಬ್ಯಾಡಿ,” ಅವಳು ಮೆಲ್ಲಗೆ ಅಂದಳು. “ಎಲ್ಡನ್ನೂ ಮಡಿಕ್ಕತೀನಿ.”