ಸ್ಪಾಯಿಲ್ ಪದಕ್ಕೊಂದು ಉದಾಹರಣೆ

ಇಳಕಲ್ ಬಸ್ ಸ್ಟ್ಯಾಂಡ್ ಎದುರಿನ ಇಂಗ್ಲಿಷ್ ಕ್ಲಾಸಿನಲ್ಲಿ ಪಾಠ ಹೇಳುವ ಪ್ರಬುದ್ಧ, ಬೋರ್ಡಿನ ಮೇಲೆ ಹೊಸ ಪದ ಬರೆದಾಗಲೆಲ್ಲ ಒಮ್ಮೆ ಜಯಶ್ರೀಯತ್ತ ತಿರುಗುತ್ತಿದ್ದ. ಅರ್ಥವಾಯಿತೇ ಎಂಬಂತೆ ಅವನ ಹುಬ್ಬು ಏರುತ್ತಿತ್ತು. ಆಗಲಿಲ್ಲವೆಂದು ಅವಳು ತಲೆಯಾಡಿಸುತ್ತಿದ್ದಳು, ಇನ್ನೊಮ್ಮೆ ತಿರುಗಲಿ ಎಂದು.

ಇಂದಿನ ಪದ ‘ಸ್ಪಾಯಿಲ್’.

“ಕೆಡಿಸೋದು. ಹಾಲು ತಾನಾಗಿ ಕೆಟ್ರೂ ಸ್ಪಾಯಿಲ್, ಮಳಿ ಬಂದು ನಮ್ಮ ಬಾದಾಮಿ ಟ್ರಿಪ್ ಕೆಡಿಸಿದ್ರೂ ಸ್ಪಾಯಿಲ್.”

“ಅಜ್ಜಿ ಮುದ್ದು ಮಾಡಿ ಮೊಮ್ಮಗನ್ನ ಕೆಡಿಸಿದ್ರ, ಸರ್?” ಎಂದಳು ಬಾನುಬಿ. “ನಮ್ಮನ್ಯಾಗ ದಿನಾ ಅದ!”

“ಅದೂ ಸ್ಪಾಯಿಲ್ ರೀ.”

ಎಲ್ಲರೂ ನಕ್ಕರು. ಆ ನಗು ಇನ್ನಷ್ಟು ಬೇಕೆನಿಸಿತೇನೋ, ಅವನು ಬೋರ್ಡಿನ ಮೇಲೆ ಇಂಗ್ಲಿಷಿನಲ್ಲೊಂದು ವಾಕ್ಯ ಬರೆದು ಕನ್ನಡದಲ್ಲಿ ಹೇಳಿದ: “ಒಬ್ಬ ಹುಡುಗಿ ತನ್ನ ನಿಶ್ಚಯದ ಸೀರಿ ತಾನ ಕೆಡಿಸಿದಳು.”

ಮತ್ತೆ ನಗು. ಬರೆದುಕೊಳ್ಳುತ್ತಿದ್ದ ಜಯಶ್ರೀ ಪೆನ್ನು ಕೆಳಗಿಟ್ಟಳು.

ಸೋದರತ್ತೆಯ ಮಗನೊಂದಿಗೆ ನಿಶ್ಚಯವೆಂದು ಅಪ್ಪ ಕಮತಗಿಯ ಮನೆಯ ಮಗ್ಗದಲ್ಲಿ ನೇಯುತ್ತಿದ್ದ ಸೀರೆ ಅದು. ಒಡಲಿಗೆ ಸೆರಗು ಸೇರಿಸುವ ನೂಲಿನ ಕೊಂಡಿಗಳನ್ನು ಹಾಕಿದವಳು ಅವಳೇ. ಬೇಕೆಂದೇ ಸಡಿಲ ಬಿಟ್ಟಳು. ಸೆರಗು ಕಳಚಿ ಬಂತು. ಅಪಶಕುನವೆಂದು ನಿಶ್ಚಯ ಮುಂದಕ್ಕೆ ಹೋಯಿತು. ಎಲ್ಲವೂ ಪ್ರಬುದ್ಧನಿಗಾಗಿ. ಅದನ್ನು ಹೇಳಿದ್ದೂ ಅವನೊಬ್ಬನಿಗೇ.

ಸೋದರತ್ತೆಯ ಮಗಳು ವಿದ್ಯಾ ಪಕ್ಕದಲ್ಲೇ ಕುಳಿತಿದ್ದಳು. ಈಗಲೇ ಜಯಶ್ರೀಯನ್ನು ಅತ್ತಿಗೆಯೆಂದೆಣಿಸಿ ‘ವೈನಿ’ ಎಂದು ಕರೆಯುವ ಹುಡುಗಿ. ಅವಳೊಬ್ಬಳು ನಗಲಿಲ್ಲ.

ಬಾನುಬಿ ಒಮ್ಮೆ ಜಯಶ್ರೀಯ ಮುಖ ನೋಡಿದಳು. ಯಾರನ್ನೂ ಕೇಳದೆ ಎದ್ದು ಹೋಗಿ, ಡಸ್ಟರಿನಿಂದ ಆ ಸಾಲನ್ನು ಒರೆಸಿ ಬಂದು ಕೂತಳು.

ಕ್ಲಾಸು ಬಿಟ್ಟ ಮೇಲೆ ಪ್ರಬುದ್ಧ ಬಸ್ ಸ್ಟ್ಯಾಂಡಿಗೆ ಓಡಿಬಂದ.

“ಜಯಾ, ನಾ ನಿನ್ನ ಹೆಸರು ಹೇಳಿಲ್ಲಲ್ಲ...”

“ಹೇಳಿದ್ರ ಎದ್ದು ನಿಂತು ‘ಹೌದು, ನಾನ’ ಅಂತಿದ್ದೆ. ಯಾರ ಸಲುವಾಗಿ ಕೆಡಿಸಿದಳು, ಅದನ್ಯಾಕ ಬರೀಲಿಲ್ಲ?”

“ಸುಮ್ನ ನಗಸಾಕಂತ ಚಾಷ್ಟಿ ಮಾಡಿದೆ. ತಪ್ಪಾತು. ನಿಮ್ಮನಿಗೆ ಬಂದು ನಿಮ್ಮಪ್ಪಾರ ಮುಂದ ಎಲ್ಲಾ ಹೇಳ್ತೇನಿ.”

“ಯಾವಾಗ?”

“ಹೇಳ್ತೇನಿ... ಒಂದೀಟು ಟೈಮ್ ಕೊಡು.”

ಕಮತಗಿ ಬಸ್ಸು ಬಂತು. ದೂರ ನಿಂತಿದ್ದ ವಿದ್ಯಾ ಹತ್ತಿರ ಬಂದಳು.

“ಆ ಸೀರಿ ನಿಮ್ದ ಅಲ್ಲೇನ್ರಿ, ವೈನಿ?”

“ನಂದ. ನಾನ ಕೆಡಿಸೇನಿ. ಇವತ್ತ ಅಪ್ಪಗ ಹೇಳ್ತೇನಿ.”

“ಯಾರ ಸಲುವಾಗಿ?”

ಜಯಶ್ರೀ ಪ್ರಬುದ್ಧನ ಮುಖ ನೋಡಿದಳು. ಒಂದು ಮಾತು ಸಾಕಿತ್ತು, ಎಲ್ಲವನ್ನೂ ಅಲ್ಲೇ ಕ್ಷಮಿಸಿಬಿಡುತ್ತಿದ್ದಳು. ಅವನು ಬಸ್ಸಿನ ಬೋರ್ಡು ಓದುತ್ತಿದ್ದ.

“ಅಂಥವ್ರು ಯಾರೂ ಇಲ್ಲವ್ವಾ, ನಡಿ,” ಎಂದು ಅವಳು ಬಸ್ಸು ಹತ್ತಿದಳು.

ಹಿಂದೆಯೇ ಹತ್ತಿದ ವಿದ್ಯಾ ಅವಳ ಕಣ್ಣು ತುಂಬಿದ್ದನ್ನು ಕಂಡಳು. ಅವಳಿಗೆ ಕಿಟಕಿಯ ಬದಿ ಬಿಟ್ಟುಕೊಟ್ಟಳು.